ಮೊಂಡನ ಪಕ್ಕದ ಸೀಟು

"ನಿಲ್ಸು ಮಾಮ," ಎಂದಳು ಕಡ್ಡಿ.

ಅಷ್ಟು ಹೇಳುವುದೂ ಕಷ್ಟವಾಗಿತ್ತು. ಮಾಮ ಬ್ರೆಡ್ ವ್ಯಾನನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಕಡ್ಡಿ ಧಡಕ್ಕನೆ ಇಳಿದು ಮೋರಿಯ ಪಕ್ಕ ಬಗ್ಗಿದಳು. ಬೆಳಿಗ್ಗೆ ಕುಡಿದ ಹಾಲೆಲ್ಲ ಹೊರಗೆ ಬಂತು.

ಮಾಮ ನೀರಿನ ಬಾಟಲಿ ಹಿಡಿದು ನಿಂತಿದ್ದ. "ಇವತ್ತು ಮೂರನೇ ತಿರುವಿಗೇ ಮುಗೀತಾ? ನಿನ್ನೆ ಇನ್ನೂ ಸ್ವಲ್ಪ ದೂರ ಬಂದಿದ್ದೆ."

"ನಿನ್ನೆ ಹಾಲು ಕುಡಿದಿರ್ಲಿಲ್ಲ."

"ಹಿಂದೆ ಇರೋದು ಬ್ರೆಡ್ ಕಣೇ, ಜನ ತಿನ್ನೋದು. ವಾಸನೆ ಗೀಸನೆ ಹತ್ತಿದ್ರೆ ಬೇಕರಿಯವರು ನನ್ನನ್ನೇ ಒಲೆಗೆ ಹಾಕ್ತಾರೆ."

ಕಡ್ಡಿಗೆ ನಗು ಬರಲಿಲ್ಲ. ಬಾಯಿ ಮುಕ್ಕಳಿಸಿ, ಅಂಗಿಯ ತೋಳಿಗೆ ಒರೆಸಿಕೊಂಡು ಮತ್ತೆ ಹತ್ತಿ ಕುಳಿತಳು. ಸಮಾಜ ಪಾಠದ ಪುಸ್ತಕ ಸೀಟಿನ ಮೇಲೆ ಮಗುಚಿ ಬಿದ್ದಿತ್ತು.

ಒಂದು ವಾರದಿಂದ ಹೀಗೇ ನಡೆದಿತ್ತು. ಸ್ಕೂಲಿಗೆ ಮುಂಚೆ ಮಾಮನ ವ್ಯಾನ್ ಹತ್ತುವುದು, ತಿರುವುಗಳಿರುವ ರಸ್ತೆ ಬಂದ ಕೂಡಲೇ ಪುಸ್ತಕ ತೆಗೆದು ಗಟ್ಟಿಯಾಗಿ ಓದುವುದು. ಕಿಟಕಿಯಾಚೆ ನೋಡುತ್ತ ಕೂತರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಕಣ್ಣು ಅಕ್ಷರಕ್ಕೆ ಇಳಿದರೆ ಸಾಕು, ಹೊಟ್ಟೆಯೊಳಗೆ ಯಾರೋ ಕಡೆಗೋಲು ಹಿಡಿದು ಕಡೆದ ಹಾಗೆ.

"ಅಮ್ಮಂಗೆ ಹೇಳ್ಬೇಡ ಮಾಮ."

"ನಾನು ಹೇಳಲ್ಲ. ಆದ್ರೆ ಭಾನುವಾರ ಏನ್ಮಾಡ್ತೀಯ?"

ಕಡ್ಡಿಗೂ ಅದೇ ಯೋಚನೆಯಾಗಿತ್ತು.

ಭಾನುವಾರ ಮೊಂಡ ಮನೆ ಬಿಟ್ಟು ಹೋಗುತ್ತಿದ್ದ.

ಮೊಂಡ ಒಂದು ಕಾರು. ಹಳೆಯ ರ‍್ಯಾಲಿ ಕಾರು. ಮೂತಿ ಚಪ್ಪಟೆ, ಮೂಲೆಗಳೆಲ್ಲ ಚೌಕ. ಚಿಕ್ಕ ಮಗು ಸ್ಲೇಟಿನ ಮೇಲೆ ಬರೆದ ಕಾರಿನ ಹಾಗೆ ಇದ್ದ. ಆ ಹೆಸರು ಇಟ್ಟವನು ಅಪ್ಪ. ಮೂತಿ ನೋಡಿ ಇಟ್ಟನೋ, ಚಳಿಯಲ್ಲಿ ಸ್ಟಾರ್ಟ್ ಆಗದೆ ಸತಾಯಿಸುವ ಗುಣ ನೋಡಿ ಇಟ್ಟನೋ ಯಾರಿಗೂ ಗೊತ್ತಿಲ್ಲ.

ಮೊಂಡನನ್ನು ಓಡಿಸುತ್ತಿದ್ದವಳು ಅಮ್ಮ. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ರಸ್ತೆಯನ್ನು ಓದುತ್ತಿದ್ದ.

ರಸ್ತೆಯನ್ನು ಓದುವುದು ಎಂದರೆ ಏನೆಂದು ಕ್ಲಾಸಿನಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. 'ನಮ್ಮ ಮನೆಯ ಒಂದು ಹಳೆಯ ವಸ್ತು' ಎಂದು ಟೀಚರ್ ಮಾತಾಡಲು ಹೇಳಿದಾಗ ಕಡ್ಡಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದಳು. ರ‍್ಯಾಲಿಗೆ ಮುಂಚೆ ಇಬ್ಬರೂ ಆ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. 'ಎಡ ಒಂದು' ಎಂದರೆ ಎಡಕ್ಕೆ ಬಹಳ ಬಿಗಿಯಾದ ತಿರುವು. 'ಎಡ ಆರು' ಎಂದರೆ ತಿರುವು ಇದೆಯೋ ಇಲ್ಲವೋ ಅನ್ನುವಷ್ಟು. ನಡುವೆ ಬರುವ ಐವತ್ತು, ನೂರು ಎಂದರೆ ಮುಂದಿನ ತಿರುವಿಗೆ ಅಷ್ಟು ಮೀಟರ್. ರ‍್ಯಾಲಿಯ ದಿನ ಓದುವವರು ಕಾಗದ ನೋಡುತ್ತಾರೆ, ರಸ್ತೆ ನೋಡುವುದಿಲ್ಲ. ಓಡಿಸುವವರು ರಸ್ತೆ ನೋಡುತ್ತಾರೆ, ಆದರೆ ನಂಬುವುದು ಕಿವಿಯನ್ನು. ತಿರುವಿನಾಚೆ ಏನಿದೆ ಎಂಬುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬಿದ್ದಿರಬೇಕು.

ಟೀಚರ್ ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, ಅಷ್ಟೆಲ್ಲ ಓದಿ ನಿಮ್ಮ ಕಾರು ಎಷ್ಟು ಸಲ ಫಸ್ಟ್ ಬಂತು ಎಂದು ಕೇಳಿದ. ಕಡ್ಡಿಗೆ ಸುಳ್ಳು ಹೇಳಲು ಬರುವುದಿಲ್ಲ. ಮನೆಯ ಶೆಲ್ಫಿನಲ್ಲಿರುವ ಕಪ್‌ಗಳ ಮೇಲೆಲ್ಲ ಬರೆದಿರುವುದು ಒಂದೇ, 'ಎರಡನೇ ಸ್ಥಾನ'. ಅವತ್ತಿನಿಂದ ಸ್ಕೂಲಿನಲ್ಲಿ ಅವಳಿಗೆ ಸೆಕೆಂಡಮ್ಮ ಎಂಬ ಹೆಸರು ಅಂಟಿಕೊಂಡಿತು. ನೀರು ಕುಡಿಯುವ ಕ್ಯೂನಲ್ಲಿ ಮೊದಲು ನಿಂತರೂ ಹಿಂದಕ್ಕೆ ತಳ್ಳಿ, "ಸೆಕೆಂಡಮ್ಮಾ, ನಿಂದು ಎರಡನೇ ಜಾಗ," ಎನ್ನುತ್ತಿದ್ದರು.

ಹೋದ ವರ್ಷ ಅಪ್ಪ ತೀರಿಕೊಂಡ. ಕಾರಿನಿಂದ ಅಲ್ಲ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಕಾಯಿಲೆ ಬಂತು, ಆಸ್ಪತ್ರೆಗೆ ಹೋದ, ಮನೆಗೆ ಬರಲಿಲ್ಲ.

ಆಮೇಲೆ ಅಮ್ಮ ಮೊಂಡನ ಬಾಗಿಲು ತೆಗೆದಿರಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವುದು ಅವಳ ಕೆಲಸ. ದಿನವಿಡೀ ಹೊಸಬರ ಪಕ್ಕದಲ್ಲಿ ಕೂತು, ಕ್ಲಚ್ ಬಿಡಿ, ನಿಧಾನ, ನಿಧಾನ ಎಂದು ಹೇಳಿ ಹೇಳಿ ಮನೆಗೆ ಬರುತ್ತಿದ್ದಳು. ಶೆಡ್ಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಳೆಯ ವಾಹನಗಳ ಮ್ಯೂಸಿಯಂನಿಂದ ಒಬ್ಬ ಮೇಡಂ ಬಂದು ಮೊಂಡನನ್ನು ಕೇಳಿದಾಗ ಆಗಲಿ ಎಂದುಬಿಟ್ಟಳು. ನಿಂತ ಕಾರು ಕೊಳೆಯುತ್ತದೆ, ಅಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದಳು. ಮ್ಯೂಸಿಯಂ ಬೆಟ್ಟದ ಆಚೆ ಇತ್ತು. ಭಾನುವಾರ ಲಾರಿ ಕಳಿಸುತ್ತೇವೆ ಎಂದರು ಮೇಡಂ.

ಲಾರಿ ಎಂದದ್ದು ಕಡ್ಡಿಗೆ ಸರಿಬರಲಿಲ್ಲ. ಪ್ರತಿ ವರ್ಷದ ರ‍್ಯಾಲಿಯಲ್ಲಿ ಮೊಂಡ ಓಡಿದ್ದು ಅದೇ ಬೆಟ್ಟದ ರಸ್ತೆಯಲ್ಲಿ. ಈಗ ಅದೇ ರಸ್ತೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಕುರಿಯ ಹಾಗೆ ಲಾರಿಯ ಮೇಲೆ ಹೋಗಬೇಕೆ?

"ನೀನೇ ಓಡಿಸಮ್ಮ," ಎಂದಳು.

ಅಮ್ಮ ತಟ್ಟೆ ತೊಳೆಯುತ್ತಿದ್ದಳು. ಎರಡು ತಟ್ಟೆ ತೊಳೆದಾದ ಮೇಲೆ, "ಪಕ್ಕದಲ್ಲಿ ಓದೋರಿಲ್ಲದೆ ಅದನ್ನ ಓಡಿಸಿ ನಂಗೆ ಅಭ್ಯಾಸ ಇಲ್ಲ," ಎಂದಳು.

"ನಾನು ಓದ್ತೀನಿ."

ಅಮ್ಮ ನಲ್ಲಿ ನಿಲ್ಲಿಸಿ ಅವಳನ್ನು ನೋಡಿದಳು. ಮಾರನೇ ದಿನ ಮೇಡಂಗೆ ಫೋನ್ ಮಾಡಿ ಲಾರಿ ಬೇಡ ಎಂದದ್ದು ಕಡ್ಡಿಗೆ ಕೇಳಿಸಿತು.

ಕುಣಿದಾಡಿದ ಮೇಲೆ ಅವಳಿಗೆ ನೆನಪಾಯಿತು. ಒಂದು ಸಲ ಸ್ಕೂಲ್ ಬಸ್ಸಿನಲ್ಲಿ ಕತೆ ಪುಸ್ತಕ ಓದಿ ಏನಾಗಿತ್ತು ಎಂದು. ಅದು ಅಮ್ಮನಿಗೆ ಗೊತ್ತಾದರೆ ಲಾರಿ ಮತ್ತೆ ಬರುತ್ತದೆ.

ಶನಿವಾರ ಸ್ಪ್ಯಾನರ್ ತಾತ ಬಂದರು. ಅವರು ಮೊಂಡನ ಮೆಕ್ಯಾನಿಕ್. ಯಾರ ತಾತನೂ ಅಲ್ಲ. ಜೇಬಿನಲ್ಲಿ ಪೆನ್ನಿನ ಬದಲು ಸ್ಪ್ಯಾನರ್ ಸಿಕ್ಕಿಸಿಕೊಳ್ಳುತ್ತಿದ್ದರಿಂದ ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು. ಟಾರ್ಪಾಲು ಎಳೆದಾಗ ಎದ್ದ ಧೂಳಿಗೆ ಇಬ್ಬರೂ ಸೀನಿದರು.

ತಾತ ಬ್ಯಾಟರಿ ಬದಲಾಯಿಸಿದರು, ಆಯಿಲ್ ಬದಲಾಯಿಸಿದರು, ಕೆಳಗೆ ಮಲಗಿ ಬ್ರೇಕ್ ನೋಡಿದರು. ಕಡ್ಡಿ ಒದ್ದೆ ಬಟ್ಟೆ ಹಿಡಿದು ಬಾಗಿಲು ಒರೆಸುತ್ತಿದ್ದಳು. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿತ್ತು. ಬಿಳಿಯ ಕೆಳಗೆ ನೀಲಿ. ನೀಲಿಯ ಕೆಳಗೆ ಕೆಂಪು.

"ಈರುಳ್ಳಿ ಇದ್ದ ಹಾಗೆ ಇವನು," ಎಂದರು ತಾತ. "ಸುಲಿದಷ್ಟೂ ಕತೆ."

ಕೆಂಪು ಬಣ್ಣದ ಕಾಲದಲ್ಲಿ ಮೊಂಡ ಕಂಪನಿಯ ತಂಡದಲ್ಲಿದ್ದ. ಆಗ ಒಂದು ನಿಯಮ ಇತ್ತಂತೆ. ಕಂಪನಿಯವರು ಎಂಥ ಕಾರನ್ನು ರ‍್ಯಾಲಿಗೆ ತರುತ್ತಾರೋ ಅಂಥದ್ದೇ ಕಾರುಗಳನ್ನು ಜನರಿಗೂ ಮಾರಬೇಕು, ಒಂದೆರಡಲ್ಲ, ನೂರಾರು. ಹಾಗಾಗಿ ನೋಡಲು ತರಕಾರಿ ತರುವ ಕಾರಿನಂತಿದ್ದು ಹೊಟ್ಟೆಯೊಳಗೆ ಹುಲಿ ಇಟ್ಟುಕೊಂಡ ಕಾರುಗಳು ಬೀದಿಗೆ ಬಂದವು. ಮೊಂಡನಿಗೆ ನಾಲ್ಕು ಚಕ್ರಗಳೂ ಎಳೆಯುತ್ತವೆ. ಹಿಮ, ಜಲ್ಲಿ, ಕೆಸರು, ಎಲ್ಲಿ ಬಿಟ್ಟರೂ ಎದ್ದು ಬರುತ್ತಿದ್ದ. ಎಷ್ಟೋ ರ‍್ಯಾಲಿ ಗೆದ್ದ. ಆಮೇಲೆ ಅವನಿಗಿಂತ ಜೋರಾದ ಕಾರುಗಳು ಬಂದವು. ಕಂಪನಿ ಅವನನ್ನು ಮಾರಿಬಿಟ್ಟಿತು.

ನೀಲಿ ಬಣ್ಣ ಹಾಕಿಸಿದವರು ಒಬ್ಬ ಡಾಕ್ಟರಮ್ಮ. ರ‍್ಯಾಲಿ ಗೀಲಿ ಅವರಿಗೆ ತಿಳಿಯದು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಆಸ್ಪತ್ರೆಗೆ ಹೋಗುತ್ತಿದ್ದರು. ಆ ಮಕ್ಕಳು ಒಂದು ದಿನವೂ ಲೇಟಾಗಿರಲಿಕ್ಕಿಲ್ಲ ಎಂದರು ತಾತ. ಡಾಕ್ಟರಮ್ಮನಿಗೆ ವಯಸ್ಸಾದ ಮೇಲೆ ಮೊಂಡ ಅವರ ಹಿತ್ತಲಿನಲ್ಲಿ ನಿಂತ. ಕೋಳಿಗಳು ಅವನೊಳಗೆ ಸಂಸಾರ ಹೂಡಿದವು.

"ನಿಮ್ಮಪ್ಪ ಅಮ್ಮ ನೋಡೋಕೆ ಹೋದಾಗ ಹಿಂದಿನ ಸೀಟಲ್ಲಿ ಮೊಟ್ಟೆ ಇತ್ತು. ನಿಮ್ಮಮ್ಮ ಎಂಜಿನ್ ನೋಡಿದ್ಲು. ನಿಮ್ಮಪ್ಪ ಮೊಟ್ಟೆ ನೋಡಿ, ಇದೇ ಕಾರು ಬೇಕು ಅಂದ."

ಬಿಳಿ ಬಣ್ಣದ ಕತೆ ಕಡ್ಡಿಗೆ ಗೊತ್ತಿತ್ತು. ಆದರೂ ಕೇಳಿದಳು. ಕೆಂಪಿನಲ್ಲಿ ಗೆಲ್ಲುತ್ತಿದ್ದವನು ಬಿಳಿಯಲ್ಲಿ ಯಾಕೆ ಯಾವಾಗಲೂ ಸೆಕೆಂಡ್?

ತಾತ ಸ್ಪ್ಯಾನರ್ ಕೆಳಗಿಟ್ಟರು. ಅವರ ಮುಖ ಸಣ್ಣದಾಯಿತು.

"ನನ್ನ ಎಂಜಿನ್‌ದು ತಪ್ಪಿಲ್ಲ ಮಗಳೇ. ಬೆಟ್ಟದ ಮೇಲೆ, ಹೇರ್‌ಪಿನ್ ತಿರುವೆಲ್ಲ ಮುಗಿದ ಮೇಲೆ, ಕಲ್ಲಿನ ಗೋಡೆ ಪಕ್ಕ ಒಂದು ನೇರ ರಸ್ತೆ ಬರತ್ತೆ. ಅಲ್ಲಿ ಎಲ್ಲರೂ ಆಕ್ಸಿಲರೇಟರ್ ಮೇಲೆ ಕಾಲು ಒತ್ತಿ ಹಿಡೀತಾರೆ. ನಿಮ್ಮಮ್ಮ ಕಾಲು ತೆಗೀತಾಳೆ. ಪ್ರತಿ ಸಲ. ನಾನು ಆ ಗೋಡೆ ಮೇಲೆ ಕೂತು ಕಿವಿಯಾರೆ ಕೇಳಿದೀನಿ. ಯಾಕಮ್ಮಾ ಅಂದ್ರೆ ಗಾಳಿ ಇತ್ತು ಅಂತಾಳೆ. ಮಂಜಿತ್ತು ಅಂತಾಳೆ. ಒಂದು ಸಲ ಮೊಲ ಅಡ್ಡ ಬಂತು ಅಂದ್ಲು. ಮುಂದಿನ ವರ್ಷಾನೂ ಮೊಲ ಅಂದ್ಲು. ಎಂಥಾ ಮೊಲ ಅದು, ವರ್ಷ ವರ್ಷ ರ‍್ಯಾಲಿ ದಿನ ನೋಡ್ಕೊಂಡು ಬರೋದು?"

"ಅಪ್ಪನ್ನ ಕೇಳ್ಲಿಲ್ವಾ?"

"ಕೇಳ್ದೆ. ನಾನು ಕಾಗದ ನೋಡ್ತಿದ್ದೆ, ಮೊಲ ನೋಡ್ಲಿಲ್ಲ ಅಂದ."

ಪಕ್ಕದ ಸೀಟನ್ನು ಕಡ್ಡಿಯ ಅಳತೆಗೆ ಮುಂದೆ ತರಲು ತಾತ ಬಗ್ಗಿದಾಗ ಕೆಳಗಿನಿಂದ ಒಂದು ಬಿಸ್ಕತ್ ಡಬ್ಬ ಸಿಕ್ಕಿತು. ಅದು ಅಪ್ಪ ಫ್ಯೂಸ್ ಇಡುವ ಡಬ್ಬವಂತೆ. ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ತಾತ ಕೈ ತೊಳೆಯಲು ಹೋದಾಗ ಕಡ್ಡಿ ಉಗುರು ಹಾಕಿ ಮುಚ್ಚಳ ಎತ್ತಿದಳು. ಫ್ಯೂಸ್ ಇರಲಿಲ್ಲ. ನೀಟಾಗಿ ಮಡಿಸಿದ ಒಂದು ಪ್ಲಾಸ್ಟಿಕ್ ಕವರ್ ಇತ್ತು, ಅಷ್ಟೇ. ಏನೂ ತಿಳಿಯದೆ, ಮುಚ್ಚಿ ಅಲ್ಲೇ ಇಟ್ಟಳು.

ಭಾನುವಾರ ಬೆಳಿಗ್ಗೆ ಹಾಲು ಬೇಡ ಎನ್ನಲು ಕಡ್ಡಿ ಒಂದು ನೆಪ ಹುಡುಕಿಟ್ಟುಕೊಂಡಿದ್ದಳು. ಅದು ಬೇಕಾಗಲಿಲ್ಲ. ಅಮ್ಮ ತಟ್ಟೆಯಲ್ಲಿ ಒಂದೇ ಒಂದು ರಸ್ಕ್ ಇಟ್ಟು ಮುಂದೆ ತಳ್ಳಿದಳು.

"ಇಷ್ಟೇನಾ?"

"ಅಪ್ಪನ ರ‍್ಯಾಲಿ ತಿಂಡಿ," ಎಂದಳು ಅಮ್ಮ.

ಶೆಡ್ಡಿನಲ್ಲಿ ಅಮ್ಮ ಮೊಂಡನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಕೂತು ಕೀ ತಿರುಗಿಸಿದಳು. ಮೊಂಡ ಕೆಮ್ಮಿದ. ಇನ್ನೊಮ್ಮೆ ತಿರುಗಿಸಿದಳು. ಇನ್ನೂ ಕೆಮ್ಮಿದ. ಸರಿ ಮಾರಾಯ, ನಿನ್ನಿಷ್ಟ ಎಂದು ಅಮ್ಮ ಗೊಣಗಿದ ಮೇಲೆ ಶೆಡ್ಡಿನ ತಗಡೆಲ್ಲ ನಡುಗುವಂತೆ ಎದ್ದ.

ಕಡ್ಡಿಯ ಬೆಲ್ಟನ್ನು ಅಮ್ಮ ಎರಡು ಸಲ ಎಳೆದು ನೋಡಿದಳು. ಇವತ್ತು ರ‍್ಯಾಲಿಯ ಹಾಗೆ ಹೋಗುವುದಿಲ್ಲ, ರಸ್ತೆ ಎಲ್ಲರದು ಎಂದು ಹೇಳಿದಳು. ಆದರೆ ಓದುವುದು ರ‍್ಯಾಲಿಯ ಹಾಗೇ ಓದಬೇಕು, ನಡುವೆ ನಿಲ್ಲಿಸಬಾರದು.

ತೊಡೆಯ ಮೇಲೆ ಪ್ಯಾಡ್ ಇತ್ತು. ಕಾಗದದ ತುಂಬ ಅಪ್ಪನ ಅಕ್ಷರ. ಬೆಟ್ಟ ಶುರುವಾಯಿತು.

"ಎಡ ಮೂರು. ಐವತ್ತು. ಬಲ ಎರಡು, ಒಳಗೆ ಕಲ್ಲು," ಎಂದು ಓದಿದಳು. ಅಷ್ಟರಲ್ಲಿ ಆ ಕಲ್ಲು ಹಿಂದೆ ಹೋಗಿತ್ತು.

"ಲೇಟು," ಎಂದಳು ಅಮ್ಮ. "ಒಂದು ತಿರುವು ಮುಂದೆ ಓದು. ನಾನು ಇಲ್ಲಿಲ್ಲ, ಆಗಲೇ ಅಲ್ಲಿದೀನಿ ಅಂದ್ಕೋ."

ಕಡ್ಡಿ ಅಮ್ಮನಿಗಿಂತ ಮುಂದೆ ಓಡಿದಳು. "ಬಲ ಐದು. ಮೂವತ್ತು. ಎಡ ನಾಲ್ಕು, ಬಿಗಿಯಾಗತ್ತೆ." ಈಗ ಮಾತು ಮುಗಿಯುವುದಕ್ಕೂ ಗೇರ್ ಬೀಳುವುದಕ್ಕೂ ಸರಿಹೋಗತೊಡಗಿತು. ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ. ಬಲ ಎಂದರೆ ಎಡ ಭುಜ ಬಾಗಿಲಿಗೆ ಒತ್ತುತ್ತಿತ್ತು, ಎಡ ಎಂದರೆ ಅಮ್ಮನ ಕಡೆ ವಾಲುತ್ತಿದ್ದಳು. ತಾನು ಹೇಳಿದ್ದೇ ಆಗುತ್ತಿದೆ ಅನಿಸಿತು. ತಾನು ಹೇಳಿದಲ್ಲೆಲ್ಲ ಬೆಟ್ಟ ತಿರುಗುತ್ತಿದೆ.

ಆಮೇಲೆ ಹೇರ್‌ಪಿನ್‌ಗಳು ಬಂದವು.

"ಬಲ ಒಂದು. ಎಡ ಒಂದು. ಬಲ ಒಂದು."

ಹೊಟ್ಟೆಯೊಳಗೆ ಕಡೆಗೋಲು ಎದ್ದಿತು. ಕಡ್ಡಿ ಉಗುಳು ನುಂಗಿದಳು. ಎಡ ಒಂದು. ಅಕ್ಷರಗಳು ಈಜತೊಡಗಿದವು. ಈಗ ನಿಲ್ಸು ಎಂದರೆ ಅಮ್ಮ ನಿಲ್ಲಿಸುತ್ತಾಳೆ. ನಿಂತರೆ ಫೋನ್ ಮಾಡಿ ಲಾರಿ ಕರೆಸುತ್ತಾಳೆ. ಬಲ ಒಂದು. ಕಿವಿಯ ಹಿಂದೆ ಬೆವರು ತಣ್ಣಗೆ ಇಳಿಯಿತು. ಎಡ ಒಂದು. ಹಲ್ಲು ಕಚ್ಚಿಕೊಂಡೇ ಓದಿದಳು. ಹಾಳೆ ಮಗುಚಿದಳು. ಮೇಲಿನ ಸಾಲಿನಲ್ಲಿ ಅಪ್ಪ ಬರೆದಿದ್ದ.

"ನೇರ, ನಾನೂರು."

ಎಂಜಿನ್ ಸದ್ದು ತಗ್ಗಿತು.

ಕಡ್ಡಿ ತಲೆ ಎತ್ತಿದಳು. ಕಲ್ಲಿನ ಗೋಡೆ. ಅದರ ಪಕ್ಕ ನೇರ ರಸ್ತೆ, ಗೆರೆ ಎಳೆದ ಹಾಗೆ. ಗಾಳಿ ಇರಲಿಲ್ಲ. ಮಂಜು ಇರಲಿಲ್ಲ. ಮೊಲವೂ ಇರಲಿಲ್ಲ. ಅಮ್ಮ ಅವಳ ಕಡೆ ನೋಡಿರಲೇ ಇಲ್ಲ, ಕಣ್ಣು ರಸ್ತೆಯ ಮೇಲೇ ಇತ್ತು. ಕಾಲು ಮಾತ್ರ ಪೆಡಲಿನಿಂದ ಎದ್ದಿತ್ತು.

"ಡಬ್ಬ," ಎಂದಳು ಅಮ್ಮ. "ಸೀಟಿನ ಕೆಳಗೆ."

ಡಬ್ಬ ಕೈಗೆ ಬಂತು, ಮುಚ್ಚಳ ತೆರೆಯಿತು, ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು. ಮೊಂಡ ಒಂದಿಷ್ಟೂ ಕುಲುಕದೆ ಹೋಗುತ್ತಿದ್ದ. ಕಡ್ಡಿ ಮುಚ್ಚಳ ಒತ್ತಿದಳು. ಅಮ್ಮ ಎಲ್ಲಿಂದಲೋ ಒಂದು ಕರ್ಚೀಫು ಚಾಚಿದಳು.

"ಆಯ್ತಾ?"

"ಆಯ್ತು."

"ಮುಂದೆ?"

ಕಡ್ಡಿ ಕಾಗದಕ್ಕೆ ಬಗ್ಗಿದಳು. "ಎಡ ಐದು. ಅರವತ್ತು. ಬಲ ನಾಲ್ಕು."

ಅಮ್ಮನ ಕಾಲು ಒತ್ತಿತು. ಮೊಂಡ ಸಿಳ್ಳೆ ಹಾಕುತ್ತ ನುಗ್ಗಿದ.

ಬೆಟ್ಟ ಇಳಿದು ರಸ್ತೆ ಅಗಲವಾಗಿ, ಕಾಗದದಲ್ಲಿ ಓದಲು ಏನೂ ಉಳಿಯದಿದ್ದಾಗ ಕಡ್ಡಿ ಹಿಂದಿನ ಹಾಳೆ ತೆಗೆದು ನೋಡಿದಳು. 'ನೇರ, ನಾನೂರು.' ಅದರ ಮುಂದೆ ಅಪ್ಪ ಏನೂ ಬರೆದಿರಲಿಲ್ಲ. ಬರೆದುಕೊಳ್ಳಬೇಕಾಗಿಯೇ ಇರಲಿಲ್ಲ.

"ಅಪ್ಪಂಗೂ ಪ್ರತಿ ಸಲಾನಾ ಅಮ್ಮ?"

"ಪ್ರತಿ ಸಲ," ಎಂದಳು ಅಮ್ಮ. "ನಿಮ್ಮಪ್ಪನೂ ಮಾಮನ ವ್ಯಾನಲ್ಲೇ ಪ್ರಾಕ್ಟೀಸ್ ಮಾಡಿದ್ದು. ಆಮೇಲೆ ಒಂದು ವರ್ಷ ಬ್ರೆಡ್ ಮುಟ್ಲಿಲ್ಲ."

"ಮಾಮ ಹೇಳ್ಬಿಟ್ನಾ?"

"ಇಲ್ಲ. ನಿನ್ನ ಅಂಗಿ ಒಗೆಯೋಳು ನಾನು. ತೋಳು ನೋಡಿದ್ರೆ ಗೊತ್ತಾಗಲ್ವಾ?"

ಅಮ್ಮ ನಗುತ್ತಿದ್ದಳು.

ಮಾಮನ ವ್ಯಾನ್ ಮೊದಲೇ ಅಲ್ಲಿಗೆ ಬಂದಿತ್ತು. ಸ್ಪ್ಯಾನರ್ ತಾತ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು, ಜೇಬಿನಲ್ಲಿ ಸ್ಪ್ಯಾನರ್ ಇತ್ತು. ದೊಡ್ಡ ಹಾಲಿನಲ್ಲಿ ಮೊಂಡನಿಗಾಗಿ ಜಾಗ ಗುಡಿಸಿಟ್ಟಿದ್ದರು. ಅಮ್ಮ ನಿಧಾನವಾಗಿ ಒಳಗೆ ತಂದು ನಿಲ್ಲಿಸಿದಳು. ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತಿದ್ದಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ.

ಮೇಡಂ ಕಡ್ಡಿಗೆ ಬೋರ್ಡ್ ತೋರಿಸಿದರು. ಮೊಂಡನ ಚರಿತ್ರೆಯೆಲ್ಲ ಅದರಲ್ಲಿತ್ತು. ಹುಟ್ಟಿದ ವರ್ಷ, ಎಂಜಿನ್ನಿನ ಬಲ, ಗೆದ್ದ ರ‍್ಯಾಲಿಗಳ ಉದ್ದ ಸಾಲು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು, 'ಕೊನೆಯ ವರ್ಷಗಳಲ್ಲಿ ಪ್ರತಿ ಬಾರಿ ಎರಡನೇ ಸ್ಥಾನ.' ಬೇಡವಾದರೆ ಆ ಸಾಲು ತೆಗೆಸಬಹುದು, ಗೆದ್ದದ್ದಷ್ಟೇ ಇದ್ದರೂ ಸಾಕು ಎಂದರು ಮೇಡಂ.

ಕಡ್ಡಿ ಆ ಸಾಲನ್ನು ಇನ್ನೊಂದು ಸಲ ಓದಿದಳು.

"ಇರ್ಲಿ ಮೇಡಂ," ಎಂದಳು. "ಅದು ಬೇಕು."

ಆಮೇಲೆ ಹೊರಗಿನ ನಲ್ಲಿಯ ಹತ್ತಿರ ಹೋಗಿ ಡಬ್ಬ ತೊಳೆಯತೊಡಗಿದಳು. ಸ್ಪ್ಯಾನರ್ ತಾತ ಅವಳನ್ನು ಹುಡುಕಿಕೊಂಡು ಬಂದರು. ಫ್ಯೂಸ್ ಡಬ್ಬವನ್ನು ಯಾರಾದರೂ ನೀರಲ್ಲಿ ತೊಳೆಯುತ್ತಾರೆಯೇ ಎಂದರು. ಧೂಳಾಗಿತ್ತು ತಾತ ಎಂದಳು ಕಡ್ಡಿ. ತಾತ ಹಿಂದೆ ಮುಂದೆ ನೋಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದರು.

"ಈಗ ನೀನಾದ್ರೂ ನಿಜ ಹೇಳು. ಆ ನೇರ ರಸ್ತೆಲಿ ಇವತ್ತೂ ಕಾಲು ತೆಗೆದ್ಲಾ?"

ಕಡ್ಡಿ ಡಬ್ಬವನ್ನು ಲಂಗಕ್ಕೆ ಒರೆಸಿದಳು, ಒಳಗೆ, ಹೊರಗೆ, ಮುಚ್ಚಳದ ಅಂಚು. ಬಾಗಿಲ ಬಳಿ ಅಮ್ಮ ನಿಂತಿರುವುದು ಕಂಡಿತು. ಮಾಮ ವ್ಯಾನಿನಿಂದ ತಂದ ಹೊಸ ಪ್ಲಾಸ್ಟಿಕ್ ಕವರ್ ಒಂದನ್ನು ಅಮ್ಮ ನೀಟಾಗಿ ಮಡಿಸುತ್ತಿದ್ದಳು.

"ನಾನು ಕಾಗದ ನೋಡ್ತಿದ್ದೆ ತಾತ," ಎಂದಳು ಕಡ್ಡಿ. "ಮೊಲ ನೋಡ್ಲಿಲ್ಲ."

ಕಡ್ಡಿ ಎದ್ದು ಒಳಗೆ ಹೋದಳು. ಅಮ್ಮ ಕೊಟ್ಟ ಕವರನ್ನು ಡಬ್ಬದೊಳಗಿಟ್ಟು, ಮುಚ್ಚಳ ಬಿಗಿಯಾಗಿ ಒತ್ತಿ, ಪಕ್ಕದ ಸೀಟಿನ ಕೆಳಗೆ ಅದರ ಜಾಗಕ್ಕೆ ತಳ್ಳಿದಳು.